‘ಟ್ಯಾಂಕು’ ಮತ್ತು ಕೆರೆ: ಒಂದು ಶಬ್ದವಿಚಾರ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪ್ರಾಂತದ ಇತಿಹಾಸವನ್ನು ಇಂಗ್ಲಿಷ್ ಬರಹಗಳ ಮೂಲಕ ಅಭ್ಯಸಿಸುವವರಿಗೆ ‘ಟ್ಯಾಂಕು’ ಎಂಬ ಶಬ್ದವು ಪದೇ ಪದೇ ಎದುರಾಗುತ್ತದೆ. ಗದ್ದೆಗಳಿಗೆ ನೀರೂಡುವ ಕೆರೆಯೂ, ದೇವಾಲಯದ ಪುಷ್ಕರಣಿಯೂ, ಊರ ಹೊಂಡವೂ ಅಲ್ಲಿ ಟ್ಯಾಂಕೇ. ಇದು ಇಂಗ್ಲೆಂಡಿನಿಂದಲೇ ಬಂದ ಶಬ್ದವೆಂಬ ಭಾವನೆ ಸಾಮಾನ್ಯವಾಗಿದೆ, ಅದು ಸರಿಯಲ್ಲ.

ಯೂಲ್ ಮತ್ತು ಬರ್ನೆಲ್ ಅವರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಈ ಶಬ್ದದ ಚರ್ಚೆಯಿದೆ. ಗುಜರಾತಿ, ಮರಾಠಿಗಳಲ್ಲಿ ‘ಟಾಂಕುಂ’, ‘ಟಾಂಕೇ’ ಎಂದರೆ ನೆಲದಲ್ಲಿ ತೋಡಿದ ನೀರಿನ ತೊಟ್ಟಿ. ಪೋರ್ಚುಗೀಸರಲ್ಲಿ ‘ತಾಂಕ’ ಎಂದರೆ ಕೊಳ; ಹರಿವನ್ನು ತಡೆಹಿಡಿಯುವುದೆಂಬ ಅರ್ಥದ ಧಾತುವಿಗೆ ಅದನ್ನು ಸಂಬಂಧಿಸುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಈ ಎರಡೂ ಕೂಡಿಕೊಂಡು ಇಂಗ್ಲಿಷರ ಬಾಯಿಗೆ ಬಂದಿರಬೇಕೆಂಬುದು ನಮಗೆ ಒಪ್ಪಿಗೆಯಾಗುವ ಅಭಿಪ್ರಾಯ. ಸಂಸ್ಕೃತದ ‘ತಟಾಕ’ವೇ ಮೂಲವೆನ್ನುವವರೂ ಉಂಟು; ಆದರೆ ಧ್ವನಿಸಾಮ್ಯವೊಂದೇ ಪ್ರಮಾಣವಾಗಲಾರದು.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಕನ್ನಡದಲ್ಲಿ ಬಾವಿಯನ್ನು ತೋಡುತ್ತಾರೆ, ಕೆರೆಯನ್ನು ಕಟ್ಟುತ್ತಾರೆ. ಗುಜರಾತಿ ಶಬ್ದದಲ್ಲಿ ತೋಡುವಿಕೆಯೂ ಪೋರ್ಚುಗೀಸ್ ಶಬ್ದದಲ್ಲಿ ಕಟ್ಟುವಿಕೆಯೂ ಇದ್ದು, ಇಂಗ್ಲಿಷಿನಲ್ಲಿ ಎರಡೂ ಅಳಿಸಿಹೋಗಿ ಕೇವಲ ‘ನೀರಿನ ಪಾತ್ರೆ’ ಉಳಿಯಿತು. ಕೆರೆಯೆಂದರೆ ಪಾತ್ರೆಯಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳೊಡನೆ ಅದನ್ನು ಕಾಯುವ ಹೊಣೆಯೂ ಸೇರಿ ಕೆರೆಯಾಗುತ್ತದೆ. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕೆರೆಗೊಡಗೆ, ದಶವಂದ ಮುಂತಾದ ದತ್ತಿಗಳು ಈ ಹೊಣೆಗೆ ಸಂಬಂಧಪಟ್ಟವು. ‘ಟ್ಯಾಂಕಿನ ದುರಸ್ತಿ’ ಎಂದಷ್ಟೇ ಓದಿದ ವಿದ್ಯಾರ್ಥಿಗೆ ಹೂಳೆತ್ತಿದರೋ, ಏರಿಗೆ ಮಣ್ಣು ಹಾಕಿದರೋ, ಪುಷ್ಕರಣಿಯ ಮೆಟ್ಟಿಲು ಕಟ್ಟಿದರೋ ತಿಳಿಯುವಂತಿಲ್ಲ. ಆದುದರಿಂದ ಅನುವಾದವನ್ನು ನಂಬದೆ ಶಾಸನದ ಮೂಲಪಾಠವನ್ನೇ ನೋಡಬೇಕೆಂದು ನಾವು ಒತ್ತಾಯಿಸುತ್ತೇವೆ.

ಯುದ್ಧದ ಟ್ಯಾಂಕಿಗೂ ಇದೇ ಹೆಸರು ಬಂದುದು ವಿನೋದದ ಸಂಗತಿ. ಬ್ರಿಟಿಷರು ಅದನ್ನು ಗುಪ್ತವಾಗಿ ತಯಾರಿಸುವಾಗ ನೀರಿನ ತೊಟ್ಟಿಯೆಂದು ತೋರುವಂತೆ ಈ ಹೆಸರಿಟ್ಟರು. 1916ರ ಸೆಪ್ಟೆಂಬರ್ 15ರಂದು ಸೋಮ್ ರಣರಂಗದಲ್ಲಿ ಅದು ಮೊದಲು ಕಾಣಿಸಿಕೊಂಡಿತು.

ನಮ್ಮ ಪ್ರಾಂತದ ಆಡುಮಾತು ಈ ಗೊಂದಲಕ್ಕೆ ಒಳಗಾಗಲಿಲ್ಲ. ಮನೆಯ ಮೇಲಿನದು ಟಾಕಿ ಅಥವಾ ಟ್ಯಾಂಕು; ಹಾನಗಲ್ಲಿನ ಆನೆಕೆರೆ ಕೆರೆಯಾಗಿಯೇ ಉಳಿದಿದೆ. ನವಾಬರ ಸವಣೂರಿನಲ್ಲಿ ಮಾತ್ರ ಹಿಂದುಸ್ತಾನಿ ಪ್ರಭಾವದಿಂದ ‘ಮೋತಿ ತಲಾಬ’ ಎಂಬ ಹೆಸರು ನಿಂತಿತು. ಹಿರೇಕೆರೂರಿನಲ್ಲಂತೂ ಕೆರೆಯು ಊರಿನ ಹೆಸರಿನೊಳಗೇ ಸೇರಿಕೊಂಡಿದೆ.