ಅಜೇಯ ತಂಡಕ್ಕೆ ಸೋಲುಂಟೇ? ಬೆಂಗಳೂರು ಎಫ್‌ಸಿ ಕಂಡ ಉತ್ತರ

2018-19ನೇ ಸಾಲಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಅರ್ಧ ದಾರಿ ಸವೆಸಿದಾಗ ರಾಜ್ಯದ ಫುಟ್‌ಬಾಲ್ ಪ್ರೇಮಿಗಳ ಬಾಯಲ್ಲಿದ್ದ ಪ್ರಶ್ನೆ ಒಂದೇ: ಬೆಂಗಳೂರು ಎಫ್‌ಸಿಯನ್ನು ಈ ಬಾರಿ ಸೋಲಿಸುವವರಾರು? ಕಾರ್ಲೆಸ್ ಕ್ವಾದ್ರಾತ್ ತರಬೇತಿಯ, ಸುನಿಲ್ ಚೆಟ್ರಿ ನಾಯಕತ್ವದ ತಂಡವು ಮೊದಲ 11 ಪಂದ್ಯಗಳಲ್ಲಿ ಎಂಟನ್ನು ಗೆದ್ದು, ಮೂರನ್ನು ಡ್ರಾ ಮಾಡಿಕೊಂಡು 27 ಅಂಕ ಗಳಿಸಿತ್ತು. ಸೋಲಿನ ಕಾಲಂನಲ್ಲಿ ಸೊನ್ನೆ!

ಡ್ರಾಗಳಲ್ಲಿ ಅಡಗಿದ್ದ ಸುಳಿವು

ಅಜೇಯವೆಂದರೆ ಎಲ್ಲ ಪಂದ್ಯಗಳನ್ನೂ ಗೆದ್ದಿತೆಂದಲ್ಲ, ಸೋತಿಲ್ಲವೆಂದಷ್ಟೇ ಅರ್ಥ. ಬೆಂಗಳೂರನ್ನು ತವರಿನಲ್ಲಿಯೇ ಜಮ್‌ಶೆಡ್‌ಪುರ 2-2ರಲ್ಲಿ, ಮುಂಬೈ ಸಿಟಿ 1-1ರಲ್ಲಿ ತಡೆದಿದ್ದವು. ಗೆಲುವಿನ ಸಂಭ್ರಮದಲ್ಲಿ ಈ ಎಚ್ಚರಿಕೆಗಳು ಮಸುಕಾಗಿದ್ದವು.

ಅಷ್ಟರಲ್ಲಿ ಏಷ್ಯನ್ ಕಪ್ ನಿಮಿತ್ತ ಲೀಗ್‌ಗೆ ಬಿಡುವು ಬಂದಿತು. ಚೆಟ್ರಿ, ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಮತ್ತು ಉದಾಂತ ಸಿಂಗ್ ಯುಎಇಯಲ್ಲಿ ಭಾರತದ ಪರ ಆಡಿದರು. ಬಿಡುವಿನ ನಂತರ, 2019ರ ಜನವರಿ 27ರಂದು, ಮುಂಬೈ ಸಿಟಿ ತಂಡವು ತನ್ನ ಅಂಗಳದಲ್ಲಿ 1-0ರಿಂದ ಗೆದ್ದು ಅಜೇಯ ಓಟಕ್ಕೆ ತೆರೆ ಎಳೆಯಿತು.

ಒಂದರ ಹಿಂದೆ ಇನ್ನೊಂದು

ಮುಂಬೈ ಪಂದ್ಯವೂ ಸೇರಿದಂತೆ ಉಳಿದ ಏಳು ಪಂದ್ಯಗಳಲ್ಲಿ ಬೆಂಗಳೂರು ನಾಲ್ಕರಲ್ಲಿ ಸೋತಿತು. ಚೆನ್ನೈಯಿನ್, ಡೆಲ್ಲಿ ಡೈನಮೋಸ್ ಗೆದ್ದವು. ಕೊನೆಯ ಲೀಗ್ ಪಂದ್ಯದಲ್ಲಿ ಜಮ್‌ಶೆಡ್‌ಪುರ 5-1ರ ಭರ್ಜರಿ ಜಯ ಪಡೆಯಿತು. ಅಂತಿಮವಾಗಿ ಬೆಂಗಳೂರು ಮತ್ತು ಎಫ್‌ಸಿ ಗೋವಾ ತಲಾ 34 ಅಂಕ ಗಳಿಸಿದವು. ಪರಸ್ಪರ ಮುಖಾಮುಖಿಯ ಎರಡೂ ಪಂದ್ಯಗಳನ್ನು ಗೆದ್ದಿದ್ದ ಬೆಂಗಳೂರಿಗೆ ಅಗ್ರಸ್ಥಾನ ಒಲಿಯಿತು.

ಜಗತ್ತಿನ ಅಜೇಯರು

ಇಡೀ ಋತುವನ್ನು ಸೋಲಿಲ್ಲದೆ ಮುಗಿಸುವುದು ಅಸಾಧ್ಯವೇನಲ್ಲ. ಇಂಗ್ಲೆಂಡಿನ ಆರ್ಸೆನಲ್ 2003-04ರಲ್ಲಿ 38 ಲೀಗ್ ಪಂದ್ಯಗಳಲ್ಲಿ 26 ಗೆದ್ದು, 12 ಡ್ರಾ ಮಾಡಿಕೊಂಡಿತ್ತು. ಆ ತಂಡದ 49 ಪಂದ್ಯಗಳ ಅಜೇಯ ಸರಣಿಯನ್ನು 2004ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮುರಿಯಿತು. ಜರ್ಮನಿಯ ಲೆವರ್‌ಕುಸೆನ್ 2023-24ರಲ್ಲಿ ದೇಶೀಯ ಲೀಗನ್ನು ಅಜೇಯವಾಗಿ ಗೆದ್ದರೂ ಯುರೋಪಾ ಲೀಗ್ ಫೈನಲ್‌ನಲ್ಲಿ ಇಟಲಿಯ ಅಟಲಾಂಟಾಕ್ಕೆ 0-3ರಿಂದ ಶರಣಾಯಿತು. ಆ ಋತುವಿನಲ್ಲಿ ಅದು ಕಂಡ ಏಕೈಕ ಸೋಲು ಫೈನಲ್‌ನಲ್ಲಿಯೇ ಬಂದುದು ವಿಪರ್ಯಾಸ.

ಸೋತು ಗೆದ್ದವರು

ಬೆಂಗಳೂರಿನ ಕಥೆ ಇದಕ್ಕೆ ತಿರುವುಮುರುವು. ಸೆಮಿಫೈನಲ್‌ನ ಮೊದಲ ಚರಣದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ಗೆ 1-2ರಿಂದ ಸೋತ ತಂಡ, ಕಂಠೀರವ ಕ್ರೀಡಾಂಗಣದಲ್ಲಿ 3-0ರಿಂದ ಸೇಡು ತೀರಿಸಿಕೊಂಡಿತು. 2018ರ ಮಾರ್ಚ್ 17ರಂದು ಇದೇ ಕಂಠೀರವದಲ್ಲಿ ಚೆನ್ನೈಯಿನ್‌ಗೆ 2-3ರಿಂದ ಫೈನಲ್ ಸೋತಿದ್ದ ನೋವು ಇನ್ನೂ ಮಾಸಿರಲಿಲ್ಲ. ಸರಿಯಾಗಿ ಒಂದು ವರ್ಷದ ಬಳಿಕ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ನಡೆದ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೆಕೆ ಕಾರ್ನರ್ ಕಿಕ್‌ಗೆ ತಲೆಯೊಡ್ಡಿ ಗೋವಾ ವಿರುದ್ಧ ಪಂದ್ಯದ ಏಕೈಕ ಗೋಲು ಗಳಿಸಿದರು. ಬೆಂಗಳೂರು ಮೊದಲ ಬಾರಿಗೆ ಐಎಸ್‌ಎಲ್ ಚಾಂಪಿಯನ್ ಆಯಿತು. ಅಜೇಯ ಓಟ ಮುರಿದುಬಿದ್ದ ನಗರದಲ್ಲಿಯೇ ಕಿರೀಟವೂ ದಕ್ಕಿತು.