ಗೇಣುದ್ದದ ಮರುತ್

ಹಳೆ ಮದ್ರಾಸು ರಸ್ತೆಯಲ್ಲಿ ಇಂದಿರಾನಗರದ ಕಡೆಯಿಂದ ಕೃಷ್ಣರಾಜಪುರದತ್ತ ಹೊರಟರೆ ಬಲಕ್ಕೆ ಸುರಂಜನ್‌ದಾಸ್ ರಸ್ತೆ ಸಿಗುತ್ತದೆ. ಆ ದಾರಿಯಲ್ಲಿ ಓಡಾಡುವ ನಿಮ್ಮಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿನ್ನೆಲೆ ತಿಳಿದಿದೆ? ಬೆಂಗಳೂರಿನಲ್ಲಿ ತಯಾರಾದ ಎಚ್.ಎಫ್.-24 ‘ಮರುತ್’ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. 1970ರ ಜನವರಿಯಲ್ಲಿ ಮರುತ್ ಹಾರಾಟದಲ್ಲೇ ಅವರು ಪ್ರಾಣ ತೆತ್ತರು.

ಈ ವಿಮಾನದ ಕಥೆ ಪ್ರತಿಕೃತಿಯೊಂದಿಗೇ ಬೆಸೆದುಕೊಂಡಿದೆ. ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ಅವರ ನೇತೃತ್ವದ ತಂಡವು ನಿಜವಾದ ವಿಮಾನಕ್ಕೆ ಮೊದಲು, ಅದೇ ಅಳತೆಯ ಎಂಜಿನ್ನಿಲ್ಲದ ಮರದ ಗ್ಲೈಡರನ್ನು ಕಟ್ಟಿ 1959ರಲ್ಲಿ ಹಾರಿಸಿತು. ಒಟ್ಟು 147 ಮರುತ್‌ಗಳು ನಿರ್ಮಾಣಗೊಂಡವು. 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಮರಳುಗಾಡಿನ ಮೇಲೆ ಹೋರಾಡಿದವು. 1990ರ ಹೊತ್ತಿಗೆ ಸೇವೆಯಿಂದ ನಿವೃತ್ತವಾದವು. 2001ರಲ್ಲಿ ಆರಂಭವಾದ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಮರುತ್ ಅನ್ನು ನೀವು ನೋಡಬಹುದು.

ಆದರೆ ಸಂಗ್ರಹಾಲಯದ ಬಣ್ಣ ಯುದ್ಧಕಾಲದ ಮುಖವಲ್ಲ. ಆ ಮುಖವನ್ನು ತೋರಿಸಬಲ್ಲದ್ದು ಪುಟ್ಟ ಪ್ರತಿಕೃತಿ. 1:72ರ ಅಳತೆಯಲ್ಲಿ ಸುಮಾರು 15.9 ಮೀಟರ್ ಉದ್ದದ ಮರುತ್ 22 ಸೆಂಟಿಮೀಟರ್ ಆಗುತ್ತದೆ, ಅಂದರೆ ಒಂದು ಗೇಣು.

ಪ್ರತಿಕೃತಿಗಳಿಗೆ ಮೊದಲಿನಿಂದಲೂ ಮಸಿ, ಧೂಳು ಬಳಿಯುತ್ತಿರಲಿಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆ, ಶತ್ರು ವಿಮಾನಗಳನ್ನು ಗುರುತಿಸುವ ತರಬೇತಿಗಾಗಿ 5 ಲಕ್ಷ ಮಾದರಿಗಳನ್ನು ಶಾಲಾ ವಿದ್ಯಾರ್ಥಿಗಳಿಂದ ಕೇಳಿತು. ಅವಕ್ಕೆಲ್ಲ ಬರಿ ಕಪ್ಪು ಬಣ್ಣ, ಆಕಾರವೊಂದೇ ಸಾಕಿತ್ತು. 1953ರಲ್ಲಿ ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ ಪ್ಲಾಸ್ಟಿಕ್ ‘ಸ್ಪಿಟ್‌ಫೈರ್’ ಬಿಡಿಭಾಗಗಳ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟಿತು. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್ ಮೊದಲಾದವರು ಕೆಸರು, ಹೊಗೆ, ಸವೆತಗಳನ್ನು ಬಣ್ಣದಲ್ಲೇ ತೋರಿಸುವ ವಿಧಾನವನ್ನು ಜನಪ್ರಿಯಗೊಳಿಸಿದರು.

ಇದರ ಹಿಂದಿನ ವಿಜ್ಞಾನ ಸರಳ. 30 ಸೆಂಟಿಮೀಟರ್ ದೂರದಿಂದ ಈ ಮಾದರಿಯನ್ನು ನೋಡುವುದೆಂದರೆ ನಿಜ ವಿಮಾನವನ್ನು 21 ಮೀಟರಿಗೂ ಹೆಚ್ಚು ದೂರದಿಂದ ನೋಡಿದಂತೆ. ಅಷ್ಟು ದೂರಕ್ಕೆ ಹೊಳಪು ಮಂಕಾಗುತ್ತದೆ. ನಮ್ಮ ಸ್ಟುಡಿಯೋದಲ್ಲೂ ಅಷ್ಟೆ: ದೀಪದ ಕೆಳಗೆ ಫಳಫಳ ಹೊಳೆಯುವ ಮಾದರಿ ಕ್ಯಾಮೆರಾಕ್ಕೆ ಆಟಿಕೆಯಾಗಿಯೇ ಕಾಣುತ್ತದೆ. ಹಾಗೆಯೇ 50 ಮೈಕ್ರಾನ್ ದಪ್ಪದ ವಾರ್ನಿಷ್ 72 ಪಟ್ಟು ಹಿಗ್ಗಿದರೆ 3.6 ಮಿಲಿಮೀಟರ್! ಆದ್ದರಿಂದ ಪ್ರತಿ ಪದರವೂ ತೆಳುವಾಗಿರಬೇಕು.

ಕ್ರಮ ಹೀಗಿದೆ. ಅಕ್ರಿಲಿಕ್ ಬಣ್ಣ ಪೂರ್ತಿ ಒಣಗಿದ ಮೇಲೆ ಹೊಳಪಿನ ಅಕ್ರಿಲಿಕ್ ವಾರ್ನಿಷ್ ಹಚ್ಚಿ. ನಯವಾದ ಈ ಪದರದ ಮೇಲೆ, ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ಕಂದು ಎಣ್ಣೆಬಣ್ಣವು ಲೋಮನಾಳದ ಸೆಳೆತದಿಂದ ತಗಡಿನ ಗೆರೆಗಳಿಗೆ ತಾನಾಗಿ ಹರಿಯುತ್ತದೆ. ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಬಹುದು. ಅದು ಒಣಗಿದ ನಂತರ ಹೊಳಪಿಲ್ಲದ ವಾರ್ನಿಷ್‌ನಿಂದ ಎಲ್ಲವನ್ನೂ ಭದ್ರಪಡಿಸಿ. ಅದರಲ್ಲಿರುವ ಸಿಲಿಕಾದ ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸಿ ಹೊಳಪು ತಗ್ಗಿಸುತ್ತವೆ. ಮಳೆಗಾಲದ ತೇವದ ದಿನ ಸ್ಪ್ರೇ ಬೇಡ. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರಾವಿ ಅಲ್ಲೇ ಸಾಂದ್ರವಾಗಿ, ವಾರ್ನಿಷ್ ಬೆಳ್ಳಗೆ ಮಂಜುಗಟ್ಟುತ್ತದೆ. ಕಿಟಕಿ ತೆರೆದಿಡಲು ಮರೆಯಬೇಡಿ.

ಕೊನೆಯದಾಗಿ ಒಂದು ಮಾತು. ಅಂದಕ್ಕೆಂದು ಕಂಡಕಂಡಲ್ಲಿ ಮಸಿ ಬಳಿದರೆ ಅದು ಚರಿತ್ರೆಯಲ್ಲ, ಕಟ್ಟುಕಥೆ. ಪ್ರತಿ ಕಲೆಗೂ ಕಾರಣ ಬೇಕು. ಮರುತ್‌ನ ಮೂತಿಯಲ್ಲಿ 30 ಮಿಲಿಮೀಟರಿನ ನಾಲ್ಕು ಫಿರಂಗಿಗಳಿದ್ದವು. ಹೊಗೆಯ ಕಲೆಗೆ ಅಲ್ಲಿ ಅರ್ಥವಿದೆ. ಚಕ್ರಗಳಿಗೆ ಮರಳುಗಾಡಿನ ಧೂಳು ಸಲ್ಲುತ್ತದೆ, ನಮ್ಮ ಕೆಮ್ಮಣ್ಣಲ್ಲ. ಪರೀಕ್ಷಾ ಹಾರಾಟದ ಮೊದಲ ವಿಮಾನವನ್ನು ಮಾಡುತ್ತಿದ್ದರೆ ಯುದ್ಧದ ಗಾಯಗಳೇ ಸಲ್ಲವು. ಬ್ರಷ್ ಹಿಡಿಯುವ ಮೊದಲು ಆ ವರ್ಷದ ಛಾಯಾಚಿತ್ರವನ್ನು ಹುಡುಕಿ; ಯಾವ ವಿಮಾನ, ಯಾವ ವರ್ಷ, ಯಾವ ನೆಲೆ ಎಂದು ಕೇಳಿಕೊಳ್ಳಿ. ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಷ್ಟರಲ್ಲಿ ನೀವು ಇತಿಹಾಸದ ವಿದ್ಯಾರ್ಥಿಯೇ ಆಗಿರುತ್ತೀರಿ. ಆಮೇಲೆ ಸುರಂಜನ್‌ದಾಸ್ ರಸ್ತೆ ನಿಮಗೆ ಬರಿ ಬಸ್ ನಿಲ್ದಾಣದ ಹೆಸರಾಗಿ ಉಳಿಯುವುದಿಲ್ಲ.