ಹಲಗೆ ನೆಲದಿಂದ ಚಳಿಗಾಳಿ: ಹೊರಗೋಡೆಯ ತೂತು ಮುಚ್ಚಿದರೆ ಸಾಕೇ?

ಸಾರಾಂಶ

ಬ್ರಿಟನ್ನಿನ ಹಳೆಯ ಮನೆಗಳಲ್ಲಿ ನೆಲದಿಂದ ಬರುವ ತಣ್ಣನೆ ಗಾಳಿ ತಡೆಯಲು ಹೊರಗೋಡೆಯ ಬುಡದಲ್ಲಿರುವ ತೂತಿನ ಇಟ್ಟಿಗೆಗಳನ್ನು ಮುಚ್ಚಿಬಿಡಿ ಎಂಬ ಸಲಹೆ ಕೇಳಿಬರುತ್ತದೆ. ನಾವು ಇದನ್ನು ಪರಿಶೀಲಿಸಿದೆವು. ಈ ಸಲಹೆ ಬಹುತೇಕ ತಪ್ಪು. ಗಾಳಿ ಕಡಿಮೆಯಾಗಬಹುದು, ಆದರೆ ನೆಲವೇ ಲಡ್ಡು ಹಿಡಿಯಬಹುದು.

ಗಾಳಿ ಎಲ್ಲಿಂದ ಬರುತ್ತದೆ?

ವಿಕ್ಟೋರಿಯಾ ರಾಣಿಯ ಕಾಲದ (1837–1901) ಅನೇಕ ಮನೆಗಳಲ್ಲಿ ನೆಲ ಮಣ್ಣಿನ ಮೇಲೆ ಕೂತಿರುವುದಿಲ್ಲ. ಮರದ ತೊಲೆಗಳ ಮೇಲೆ ಹಲಗೆ ಹೊಡೆದು, ಕೆಳಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ನಮ್ಮ ಹಳ್ಳಿಮನೆಯ ಅಟ್ಟವನ್ನು ನೆಲಮಟ್ಟಕ್ಕೆ ಇಳಿಸಿದಂತೆ ಎನ್ನಿ. ‘ಏರ್ ಬ್ರಿಕ್’ ಎಂಬ ತೂತಿನ ಇಟ್ಟಿಗೆಗಳ ಮೂಲಕ ಈ ಜಾಗದಲ್ಲಿ ಗಾಳಿಯಾಡುತ್ತದೆ. ಹಲಗೆಗಳ ಸಂದಿನಿಂದ, ಗೋಡೆಯಂಚಿನ ಸ್ಕರ್ಟಿಂಗ್ ಪಟ್ಟಿಯ ಕೆಳಗಿನಿಂದ ಅದೇ ಗಾಳಿ ಕೋಣೆಗೆ ನುಗ್ಗುತ್ತದೆ.

ತೂತು ಮುಚ್ಚಿದರೆ ಏನಾಗುತ್ತದೆ?

ಮಣ್ಣಿನಿಂದ ಏಳುವ ತೇವ ಹೊರಹೋಗಲು ದಾರಿ ಇರುವುದಿಲ್ಲ. ಮರದ ತೇವಾಂಶ ಸುಮಾರು ಶೇ 20 ದಾಟಿ ಹಾಗೆಯೇ ಉಳಿದರೆ, ಮರ ಕೊಳೆಸುವ ಶಿಲೀಂಧ್ರ ಬೆಳೆಯುವ ಅಪಾಯವಿದೆ. ಮೇಲೆ ಕಾರ್ಪೆಟ್ ಇದ್ದರೆ ಹಾನಿ ಬಹುಕಾಲ ಕಣ್ಣಿಗೆ ಬೀಳುವುದಿಲ್ಲ. ಬ್ರಿಟನ್ನಿನ ಎನರ್ಜಿ ಸೇವಿಂಗ್ ಟ್ರಸ್ಟ್ ಕೂಡ ಈ ತೂತುಗಳನ್ನು ಮುಚ್ಚಬಾರದು ಎಂದೇ ಹೇಳುತ್ತದೆ.

ಹಾಗಾದರೆ ಏನು ಮಾಡಬೇಕು?

• ಗಾಳಿ ಬೀಸುವ ದಿನ ಕೈ ಒದ್ದೆ ಮಾಡಿಕೊಂಡು ನೆಲದಂಚಿನಲ್ಲಿ ಹಿಡಿಯಿರಿ. ತಟ್ಟನೆ ತಣ್ಣಗೆನಿಸಿದ ಕಡೆ ಸಂದು ಇದೆ.

• ಸ್ಕರ್ಟಿಂಗ್ ಕೆಳಗೆ ಹಿಗ್ಗಿ ಕುಗ್ಗುವಂಥ ಸೀಲೆಂಟ್ ಹಚ್ಚಿ. ಹಲಗೆಗಳ ನಡುವಿನ ಅಗಲ ಸಂದುಗಳಿಗೆ ತೆಳು ಮರದ ಪಟ್ಟಿ ಕೂರಿಸಿ. ಋತುವಿಗೆ ತಕ್ಕಂತೆ ಮರ ಹಿಗ್ಗಿ ಕುಗ್ಗುವುದರಿಂದ ಗಟ್ಟಿ ಪುಟ್ಟಿ ಬಿರುಕು ಬಿಡುತ್ತದೆ.

• ಅಂಡರ್‌ಲೇ ಹಾಸಿ ಮೇಲೆ ದಪ್ಪ ಕಾರ್ಪೆಟ್ ಹಾಕಿದರೂ ಗಾಳಿ ತಗ್ಗುತ್ತದೆ.

• ಶಾಶ್ವತ ಪರಿಹಾರ ಬೇಕಿದ್ದರೆ ತೊಲೆಗಳ ನಡುವೆ ಬಲೆ ಕಟ್ಟಿ ಮಿನರಲ್ ವೂಲ್ ತುಂಬಿಸಬೇಕು. ಇದು ಹಲಗೆ ಎತ್ತಿಸುವ ಕೆಲಸ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆಯಿರಿ.

• ಏರ್ ಬ್ರಿಕ್‌ಗಳಿಗೆ ಮಣ್ಣು, ಹೂಕುಂಡ ಅಡ್ಡವಾಗಿದ್ದರೆ ತೆಗೆಯಿರಿ.

ಎಚ್ಚರಿಕೆ

ಕೋಣೆಯಲ್ಲಿ ಗ್ಯಾಸ್ ಹೀಟರ್ ಅಥವಾ ಕಟ್ಟಿಗೆ ಒಲೆ ಇದ್ದರೆ ಅದು ಸರಿಯಾಗಿ ಉರಿಯಲು ಗಾಳಿ ಬೇಕು. ಅಂಥ ಕೋಣೆಯಲ್ಲಿ ತಜ್ಞರನ್ನು ಕೇಳದೆ ಸಂದುಗಳನ್ನಾಗಲಿ, ಗಾಳಿಕಿಂಡಿಯನ್ನಾಗಲಿ ಮುಚ್ಚಬೇಡಿ. ಗಾಳಿ ಸಾಲದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಜೀವ ತೆಗೆಯಬಲ್ಲದು. ಅಲಾರಂ ಇಟ್ಟುಕೊಳ್ಳಿ.

ನಿರ್ಣಯ

ಬಹುತೇಕ ತಪ್ಪು. ಒಳಗಿನ ಸಂದು ಮುಚ್ಚಿ, ಹೊರಗಿನ ತೂತು ತೆರೆದಿರಲಿ. ಅಂಥ ಮನೆಯಲ್ಲಿರುವ ನಿಮ್ಮವರಿಗೆ ಈ ಮಾತನ್ನು ಫಾರ್ವರ್ಡ್ ಮಾಡಿ.